ಕೋಟಾ ಗಾಡಿ

ಆ ಬಿಳಿ ವ್ಯಾನ್ ಕಂಡರೆ ಸಾಕು, ಬದರಿನಾಥ್ ಅಂಕಲ್‌ಗೆ ಮೈಯೆಲ್ಲ ಉರಿಯುತ್ತಿತ್ತು. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ನಾನೂ ನನ್ನ ಗಂಡ ವಜೀರನೂ ಹಾಲು, ಬ್ರೆಡ್ಡು, ಪೇಪರ್ ಮಾರುವ ಡೈರಿ ಅಂಗಡಿಯ ಹಿಂದೆ ಪ್ರತಿ ಗುರುವಾರ ಅದು ಬಂದು ನಿಲ್ಲುತ್ತಿತ್ತು. ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಆರೋಗ್ಯಕ್ಕೆಂದು ಸರ್ಕಾರ ನಡೆಸುತ್ತಿದ್ದ ವ್ಯಾನ್. ಆದರೆ ನರ್ಸ್ ರೀಪೆಕಾ ಯಾರನ್ನೂ ವಾಪಸ್ ಕಳಿಸುತ್ತಿರಲಿಲ್ಲ, ವಿಳಾಸವನ್ನೂ ಕೇಳುತ್ತಿರಲಿಲ್ಲ. ಬಾಗಿಲ ಮೇಲೆ ‘ಕೋಹಾ’ ಅಂತ ಬರೆದಿತ್ತು. ಶುಲ್ಕವಿಲ್ಲ, ಮನಸ್ಸಿಗೆ ತೋಚಿದ್ದು ಕೊಡಿ ಅಂತ ಅರ್ಥ.

“ಕೋಹಾ ಅಲ್ಲ ಆಸಿಯಾ, ಕೋಟಾ!” ಅಂತ ಅಂಕಲ್ ಪೇಪರ್ ಕೊಳ್ಳಲು ಬಂದಾಗೆಲ್ಲ ರೇಗುತ್ತಿದ್ದರು. “ಮೈಸೂರಲ್ಲಿ ನನ್ನ ಮೆಡಿಕಲ್ ಸೀಟು ಹೋಗಿದ್ದು ಇದರಿಂದ್ಲೇ. ಇಲ್ಲಿಗೂ ಬಂತಲ್ಲಮ್ಮ!” ಯಾವ ಕಾಲದ್ದೋ ಸಿಟ್ಟನ್ನು ಈ ಮನುಷ್ಯ ವಿಮಾನದಲ್ಲಿ ಹೊತ್ತು ತಂದು, ತನಗೆ ಏನೂ ಮಾಡದ ಜನರ ಮೇಲೆ ಕಾರುತ್ತಿದ್ದರು. ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿದಿತ್ತು.

ಅದೇ ವ್ಯಾನಿಗೆ ಅವರ ಹೆಂಡತಿ ಕಾತ್ಯಾಯಿನಿ ಆಂಟಿ ಕದ್ದು ಹೋಗುತ್ತಿದ್ದರು. ಸಕ್ಕರೆ ಕಾಯಿಲೆ, ಕಾಲ್ಬೆರಳಲ್ಲಿ ಮಾಯದ ಹುಣ್ಣು. ಅವರಿಗೆ ಕಾರು ಓಡಿಸಲು ಬಾರದು. ಗಂಡನಿಗೆ ಹೇಳಿದರೆ “ವಾಕಿಂಗ್ ಮಾಡು, ಸರಿಹೋಗುತ್ತೆ” ಅನ್ನುವ ಉತ್ತರ. ರೀಪೆಕಾ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಆಂಟಿಯ ಕೋಹಾ ಅಂದರೆ ಒಂದು ಸ್ಟೀಲ್ ಡಬ್ಬಿ ತುಂಬ ಕೋಡುಬಳೆ.

“ಅವ್ರಿಗೆ ಹೇಳ್ಬೇಡ ಕಣೆ, ನನ್ನಾಣೆ,” ಅಂದಿದ್ದರು.

ವ್ಯಾನ್ ಇರಬೇಕೋ ಬೇಡವೋ ಅಂತ ಸರ್ಕಾರದವರು ಊರಿನ ಹಾಲ್‌ನಲ್ಲಿ ಸಭೆ ಕರೆದರು. ಅಂಕಲ್ ಸೂಟು ಹಾಕಿಕೊಂಡು ಹೋಗಿ, ಒಂದೇ ಜನಾಂಗಕ್ಕೆ ವ್ಯಾನ್ ಅನ್ನುವುದು ವಲಸೆ ಬಂದ ತನಗೇ ಅನ್ಯಾಯ ಅನ್ನಿಸುತ್ತದೆ ಎಂದು ಮಾತಾಡಿದರು. ಅರ್ಧ ಹಾಲ್ ಎದ್ದು ಚಪ್ಪಾಳೆ ಹೊಡೆಯಿತು. ತಾವು ಆಡಲು ಹಿಂಜರಿಯುವ ಮಾತನ್ನು ಕಂದು ಬಣ್ಣದವನ ಬಾಯಲ್ಲಿ ಕೇಳಿ ಆ ಬಿಳಿಯರಿಗೆ ಎಂಥ ಖುಷಿ! ಮುಂದಿನ ವಾರವೇ ವ್ಯಾನ್ ಬರುವುದು ನಿಂತುಹೋಯಿತು.

ಆಮೇಲೆ ಆಂಟಿ ಅಂಗಡಿಯ ಕಡೆ ಬರಲಿಲ್ಲ. ಫೋನ್ ಮಾಡಿದರೆ, “ಈಗ ನೋವೇ ಇಲ್ಲ ಆಸಿಯಾ, ವಾಸಿಯಾಗಿದೆ,” ಅಂದರು.

ಮೊನ್ನೆ ಅಂಕಲ್ ಕೌಂಟರಿನ ಮುಂದೆ ನಿಂತಿದ್ದಾಗ ರೀಪೆಕಾ ಓಡಿಬಂದಳು. ಕೈಯಲ್ಲಿ ಖಾಲಿ ಡಬ್ಬಿ.

“ಕೋಡುಬಳೆ ಆಂಟಿ ಹೇಗಿದ್ದಾರೆ? ಬೆರಳಿನ ಬಣ್ಣ ತಿರುಗಿತ್ತು. ಮುಂದಿನ ಗುರುವಾರ ಆಸ್ಪತ್ರೆಗೆ ಕರೆದೊಯ್ಯುವವಳಿದ್ದೆ, ಅಷ್ಟರಲ್ಲಿ ವ್ಯಾನ್ ನಿಲ್ಲಿಸಿದರು.”

“ನೋವು ಹೋಯಿತಂತೆ,” ಅಂದೆ.

ಅವಳ ಮುಖ ಬಿಳಿಚಿಕೊಂಡಿತು. “ನೋವು ಹೋಗಬಾರದು! ಬೆರಳು ಕೊಳೆಯುತ್ತಿದೆ ಅಂತ ಅರ್ಥ, ಪಾದವೇ ಹೋಗುತ್ತದೆ. ಮನೆ ಎಲ್ಲಿ?”

ನಾನು ಡಬ್ಬಿಯನ್ನು ಕಿತ್ತುಕೊಂಡು ಅಂಕಲ್ ಮುಂದಿಟ್ಟೆ. “ಇವರನ್ನೇ ಕೇಳು.”

ಅಂಕಲ್ ಕನ್ನಡಕ ಏರಿಸಿ ಡಬ್ಬಿ ತಿರುಗಿಸಿದರು. ಮದುವೆಗೆ ಕೊಟ್ಟ ಪಾತ್ರೆ. ಅಂಚಿನಲ್ಲಿ ಕೆತ್ತಿಸಿದ ಹೆಸರು ಇನ್ನೂ ಸವೆದಿರಲಿಲ್ಲ: ಚಿ. ಸೌ. ಕಾತ್ಯಾಯಿನಿ, ಚಿ. ರಾ. ಬದರಿನಾಥ್.

“ಬೆಳಿಗ್ಗೆ ಕಾಲ್ಚೀಲ ಒದ್ದೆಯಾಗಿದೆ ಅಂದ್ಲು,” ಅಂದರು, ಕನ್ನಡದಲ್ಲಿ, ಯಾರಿಗೂ ಅಲ್ಲ. “ನೀರು ತುಳಿದಿರ್ತೀಯ ಬಿಡು ಅಂದೆ.”