ಹತ್ತು ಕಂಪ್ಯೂಟರು, ಒಂದೇ ಹೆಸರು

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಮನೆಯೊಂದನ್ನೇ ಮಾರ್ಪಡಿಸಿ ಮಾಡಿದ್ದ ನರ್ಸಿಂಗ್ ಹೋಮಿಗೆ ನಾನು ಮೊದಲ ಸಲ ಹೋದದ್ದು ಒಂದು ಬುಧವಾರ. ಸಣ್ಣ ಆಸ್ಪತ್ರೆ, ಶಾಲೆ, ಆಫೀಸುಗಳಿಗೆ ಹೋಗಿ ಅಲ್ಲಿನ ಕಂಪ್ಯೂಟರು, ಫೋನು, ಪ್ರಿಂಟರು, ವೈಫೈ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುವುದು ನನ್ನ ಕೆಲಸ. ಯಾವುದಕ್ಕೆ ಪಾಸ್‌ವರ್ಡ್ ಇಲ್ಲ, ಯಾವುದರ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು, ಹೊರಗಿನವರು ಎಲ್ಲಿಂದ ಒಳಗೆ ನುಗ್ಗಬಹುದು ಎಂದು ನೋಡಿ ವರದಿ ಬರೆದುಕೊಡುತ್ತೇನೆ. ಆ ವರದಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು.

ನನ್ನನ್ನು ಕರೆಸಲು ಒಂದು ಕಾರಣವಿತ್ತು. ಹಿಂದಿನ ವಾರ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಲ್ಯಾಬ್ ಪರೀಕ್ಷೆಯ ಫಲಿತಾಂಶ ಅವಳ ಸೋದರಮಾವನ ಫೋನಿಗೆ ಹೋಗಿತ್ತು. ಅವಳು ಗರ್ಭಿಣಿ ಎಂದು ಅದರಲ್ಲಿತ್ತು. ಆಸ್ಪತ್ರೆಯ ಕಂಪ್ಯೂಟರಿನ ಪರದೆಯನ್ನು ಯಾರೋ ಫೋಟೋ ತೆಗೆದಿದ್ದರು. ಅದು ಹಲವರ ಫೋನು ದಾಟಿ ಮಾವನನ್ನು ಮುಟ್ಟಿದ್ದರಿಂದ, ಮೊದಲು ಕಳಿಸಿದವರು ಯಾರೆಂದು ತಿಳಿಯಲಿಲ್ಲ. ಮಾವ ಬಂದು ಗಾಜಿನ ಬಾಗಿಲು ಒದ್ದು ಹೋಗಿದ್ದ. ಹುಡುಗಿಯ ಓದು ಬಿಡಿಸಿ ಎಲ್ಲಿಗೋ ಕಳಿಸಿದರು ಎಂದು ನರ್ಸುಗಳು ಮಾತಾಡಿಕೊಳ್ಳುತ್ತಿದ್ದರು. ಅವಳ ಬಗ್ಗೆ ಅದಕ್ಕಿಂತ ಹೆಚ್ಚು ನನಗೆ ಇವತ್ತಿಗೂ ತಿಳಿಯದು.

ಆಸ್ಪತ್ರೆಯ ಮಾಲೀಕರಾದ ಡಾಕ್ಟರು ನನಗೆ ಹೇಳಿದ್ದು ಇಷ್ಟು: "ಯಾರು ಅಂತ ಗೊತ್ತಾಗ್ಬೇಕು. ಹಂಗೇ ಎಲ್ಲಾ ಸಿಸ್ಟಮ್ಮೂ ಒಂದ್ಸಲ ಚೆಕ್ ಮಾಡ್ಬಿಡಿ."

ಮರುದಿನ ಬೆಳಗ್ಗೆ ಏಳಕ್ಕೇ ಹೋದೆ. ಕಂಪ್ಯೂಟರುಗಳು ದಿನವನ್ನು ಹೇಗೆ ಶುರುಮಾಡುತ್ತವೆ ಎಂದು ನೋಡಿದರೆ ಒಂದು ಸಂಸ್ಥೆಯ ಅರ್ಧ ಸ್ಥಿತಿ ತಿಳಿಯುತ್ತದೆ. ಆಗಲೇ ರಿಸೆಪ್ಷನ್ನಿನ ಹೆಂಗಸು ಬಂದಿದ್ದರು. ಐವತ್ತರ ಆಸುಪಾಸಿನವರು, ಹೆಗ್ಗನಹಳ್ಳಿಯಿಂದ ಎರಡು ಬಸ್ಸು ಹಿಡಿದು ಬರುವವರು. ಆಸ್ಪತ್ರೆ ಶುರುವಾದಾಗಿನಿಂದ ಅಲ್ಲೇ ಇದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಅವರು ದೇವರ ಪಟದ ಮುಂದೆ ದೀಪ ಹಚ್ಚಿ, ಊದುಬತ್ತಿ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಹೋದರು. ಪ್ರತಿ ಕೋಣೆಯಲ್ಲೂ ಕಂಪ್ಯೂಟರ್ ಆನ್ ಮಾಡಿ, ತಮ್ಮ ಹೆಸರು, ತಮ್ಮ ಪಾಸ್‌ವರ್ಡ್ ಒತ್ತಿ, ಪರದೆಗೆ ಊದುಬತ್ತಿ ತೋರಿಸಿ ಮುಂದಕ್ಕೆ ನಡೆದರು. ಒಟ್ಟು ಹತ್ತು ಕಂಪ್ಯೂಟರು.

"ಎಲ್ಲಾನೂ ನಿಮ್ಮ ಹೆಸರಲ್ಲೇ ಯಾಕೆ ಓಪನ್ ಮಾಡ್ತೀರಾ?" ಎಂದು ಕೇಳಿದೆ.

"ಇನ್ಯಾರ ಹೆಸ್ರಲ್ಲಿ ಸಾರ್? ಅವ್ರೆಲ್ಲಾ ಪಾಸ್‌ವರ್ಡ್ ಮರ್ತು ತಲೆ ಕೆರ್ಕೊಂಡು ಕೂತ್ಕೋತಾರೆ. ಪೇಷಂಟ್‌ಗಳು ಕಾಯ್ಬೇಕು. ನಾನೇ ಅಲ್ವಾ ಮೊದ್ಲು ಬರೋದು. ದೀಪ ಹಚ್ದಂಗೆ ಇದ್ನೂ ಹಚ್ಬಿಡ್ತೀನಿ."

ಅಷ್ಟರಲ್ಲಿ ಲ್ಯಾಬ್ ಟೆಕ್ನಿಷಿಯನ್ ಹೆಲ್ಮೆಟ್ ತೆಗೆಯುತ್ತಾ ಒಳಗೆ ಬಂದ. "ಅಕ್ಕ ಇಲ್ದಿದ್ರೆ ಈ ಆಸ್ಪತ್ರೆ ಆನ್ ಆಗೋದೇ ಇಲ್ಲ ಸಾರ್. ಒಂದಿನ ರಜಾ ಹಾಕಿದ್ರು, ಹನ್ನೊಂದು ಗಂಟೆವರ್ಗೂ ರಿಪೋರ್ಟೆಲ್ಲಾ ಪೆನ್ನಲ್ಲಿ ಬರ್ದ್ವಿ."

"ನಿನ್ನ ಅಕ್ಷರ ನೋಡಿ ಪೇಷಂಟ್‌ಗೆ ಇನ್ನೊಂದು ಕಾಯ್ಲೆ ಬಂತು ಕಣೋ," ಎಂದರು ಅಕ್ಕ.

ಮೂವರೂ ನಕ್ಕೆವು. ನಾನು ನಗುತ್ತಲೇ ಪುಸ್ತಕದಲ್ಲಿ ಬರೆದುಕೊಂಡೆ: ಹತ್ತು ಕಂಪ್ಯೂಟರು, ಒಂದೇ ಹೆಸರು.

ಹುಡುಗಿಯ ಫಲಿತಾಂಶವನ್ನು ಯಾವಾಗ, ಎಲ್ಲಿ, ಯಾರ ಹೆಸರಲ್ಲಿ ತೆರೆದರು ಎಂಬ ದಾಖಲೆ ಅದೇ ದಿನ ಸಿಕ್ಕಿತು. ಹಿಂದಿನ ವಾರದ ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ, ಮೇಲಿನ ಮಹಡಿಯ ಲ್ಯಾಬಿನ ಕಂಪ್ಯೂಟರು. ಹೆಸರು ಅಕ್ಕನದು. ಕೆಳಗೆ ರಿಸೆಪ್ಷನ್ನಿನ ಕಂಪ್ಯೂಟರನ್ನೂ ನೋಡಿದೆ. ಅಲ್ಲಿ ನಾಲ್ಕು ಒಂಬತ್ತಕ್ಕೆ ಒಂದು, ನಾಲ್ಕು ಹತ್ತಕ್ಕೆ ಒಂದು ಟೋಕನ್ ಮುದ್ರಿಸಲಾಗಿತ್ತು. ಆ ಹೆಸರೂ ಅಕ್ಕನದೇ. ನಡುವೆ ಇಪ್ಪತ್ತೆರಡು ಮೆಟ್ಟಿಲು. ಒಂದೇ ನಿಮಿಷದಲ್ಲಿ ಅವರು ಕೆಳಗೂ ಇದ್ದರು, ಮೇಲೂ ಇದ್ದರು. ಕೆಳಗಿದ್ದದ್ದು ಅವರೇ ಆಗಿದ್ದರೆ ಮೇಲಿದ್ದದ್ದು ಬೇರೆ ಯಾರೋ. ಆದರೆ ಅಕ್ಕ ಎದ್ದುಹೋದಾಗ ನರ್ಸುಗಳೂ ಅಲ್ಲಿ ಕೂತು ಟೋಕನ್ ಕೊಡುತ್ತಿದ್ದರು. ಸಿಸಿಟಿವಿ ಕೆಟ್ಟು ಎಷ್ಟೋ ತಿಂಗಳಾಗಿತ್ತು. ಅಕ್ಕನನ್ನು ಕೇಳಿದೆ. "ನಾನೇ ಕೊಟ್ಟಿರ್ತೀನಿ ಸಾರ್. ಆದ್ರೆ ಆ ಮಂಗಳವಾರಾನೇ ಅಂತ ಹೆಂಗ್ ನೆನಪಿರುತ್ತೆ?" ಎಂದರು. ಬೇರೆಯವರಾಗಿದ್ದರೆ ನೆನಪಿದೆ ಎಂದೇ ಹೇಳುತ್ತಿದ್ದರೇನೋ.

ವರದಿ ಹತ್ತೊಂಬತ್ತು ಪುಟವಾಯಿತು. ಟೋಕನ್, ಮೆಟ್ಟಿಲು, ಬೆಳಗಿನ ಪದ್ಧತಿ, ಎಲ್ಲರಿಗೂ ಗೊತ್ತಿದ್ದ ಪಾಸ್‌ವರ್ಡ್ ಎಲ್ಲವನ್ನೂ ಹನ್ನೊಂದನೇ ಪುಟದಲ್ಲಿ ಬರೆದೆ. ತೆರೆದವರು ಯಾರೆಂದು ಈ ದಾಖಲೆಗಳಿಂದ ಹೇಳಲಾಗದು ಎಂದೂ ಬರೆದೆ. ಮಾಲೀಕರಿಗೆ ಪುರುಸೊತ್ತಿರುವುದಿಲ್ಲವೆಂದು ಮೊದಲ ಪುಟದಲ್ಲಿ ಆರು ಸಾಲಿನ ಸಾರಾಂಶ ಕೊಡುವುದು ನನ್ನ ರೂಢಿ. ಅದರ ಮೊದಲ ಸಾಲು ಹೀಗಿತ್ತು: "ರೋಗಿಯ ಫಲಿತಾಂಶವನ್ನು ರಿಸೆಪ್ಷನ್ ಸಿಬ್ಬಂದಿಯ ಲಾಗಿನ್‌ನಿಂದ ತೆರೆಯಲಾಗಿದೆ." ಒಂದು ಪದವೂ ಸುಳ್ಳಲ್ಲ. ಶನಿವಾರ ಕಳಿಸಿದೆ.

ಸೋಮವಾರ ಮಧ್ಯಾಹ್ನ ಟೆಕ್ನಿಷಿಯನ್ ಫೋನ್ ಮಾಡಿದ. "ಸಾರ್, ನಿನ್ನೆ ಅಕ್ಕನ್ನ ಕೆಲಸದಿಂದ ತೆಗ್ದುಬಿಟ್ರು. ಡಾಕ್ಟ್ರು ಆ ಮಾವನ್ನ ಕರ್ಸಿ, ಅಕ್ಕನ್ನ ಎದುರಿಗೆ ನಿಲ್ಲಿಸ್ಕೊಂಡು ನಿಮ್ಮ ರಿಪೋರ್ಟ್ ಓದಿದ್ರು. ಫಸ್ಟ್ ಪೇಜು." ಅವನು ಮುಂದುವರಿಸಿದ. "ಬೆಳಗ್ಗೆಯಿಂದ ಒಂದು ಸಿಸ್ಟಮ್ಮೂ ಓಪನ್ ಆಗ್ತಿಲ್ಲ. ಅಕ್ಕ ಪಾಸ್‌ವರ್ಡ್ ಬದಲಾಯಿಸಿ ಒಂದು ವಾರ ಆಗಿರ್ಲಿಲ್ಲ, ಹೊಸದು ಯಾರಿಗೂ ಸರಿಯಾಗಿ ನೆನಪಿಲ್ಲ. ಕೇಳೋಣ ಅಂದ್ರೆ ಫೋನ್ ತೆಗೀತಿಲ್ಲ. ನಿಮ್ಗೆ ಗೊತ್ತಾ?"

ವಿಜಯನಗರದಿಂದ ಸ್ಕೂಟರಿನಲ್ಲಿ ಆಗಲೇ ಹೊರಟೆ. ಹನ್ನೊಂದನೇ ಪುಟ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಲಿಲ್ಲ.

"ಮೊದಲ್ನೇ ಪುಟ ಸುಳ್ಳಾ?" ಎಂದರು.

"ಸುಳ್ಳಲ್ಲ ಡಾಕ್ಟ್ರೇ, ಆದ್ರೆ ಅದರರ್ಥ ಅವ್ರೇ ಮಾಡಿದ್ರು ಅಂತ ಅಲ್ಲ."

"ನೀವು ಬರ್ದಿದ್ದನ್ನ ನಾನು ಓದ್ದೆ, ಅಷ್ಟೇ. ಆ ಮನೆಯವ್ರು ಈಗ ಸುಮ್ಮನಾಗಿದಾರೆ. ಮತ್ತೆ ಕೆದಕ್ಬೇಡಿ."

ಆ ಮಂಗಳವಾರ ಅದೇ ಹೊತ್ತಿಗೆ ಟೋಕನ್ ತೆಗೆದುಕೊಂಡ ಇಬ್ಬರು ರೋಗಿಗಳನ್ನು, ಯಾರು ಕೊಟ್ಟರು ಎಂದು ಕೇಳಬಹುದು ಎಂದೆ.

"ಪೇಷಂಟ್ ವಿಷ್ಯ ಹೊರಗೆ ಹೋಯ್ತು ಅಂತ ತಾನೇ ನಿಮ್ಮನ್ನ ಕರ್ಸಿದ್ದು? ಈಗ ನೀವೇ ಪೇಷಂಟ್‌ಗಳಿಗೆ ಫೋನ್ ಮಾಡಿ ಎಲ್ಲಾ ಹೇಳ್ತೀರಾ?"

ಹನ್ನೊಂದನೇ ಪುಟವನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಬಂದೆ.

ಹತ್ತು ದಿನ ಬಿಟ್ಟು, ಅಕ್ಕ ಕೆಲಸ ಕೇಳುವ ಕಡೆ ತೋರಿಸಲಿ ಎಂದು ನನ್ನ ಸಹಿ ಇರುವ ಒಂದು ಪತ್ರ ಹಿಡಿದು ಹೆಗ್ಗನಹಳ್ಳಿಗೆ ಹೋದೆ. ಅಕ್ಕ ಒಳಗೆ ಕರೆದರು, ಕುರ್ಚಿ ಕೊಟ್ಟರು. ಅಷ್ಟರಲ್ಲಿ ಎರಡು ಕ್ಲಿನಿಕ್ಕುಗಳಲ್ಲಿ ಕೆಲಸ ಕೇಳಿ ಬಂದಿದ್ದರು. ಎರಡೂ ಕಡೆಯವರು ಹಳೆಯ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದ್ದರು, ಆಮೇಲೆ ಸುದ್ದಿಯಿರಲಿಲ್ಲ. ಪತ್ರವನ್ನು ಅವರು ಸಾಲಿನ ಕೆಳಗೆ ಬೆರಳಿಟ್ಟು ಓದಿದರು.

"ಯಾರು ಅಂತ ಹೇಳಕ್ಕಾಗಲ್ಲ ಅಂತ ಬರ್ದಿದೀರ. ಹಂಗಂದ್ರೆ ನಾನೂ ಆಗಿರ್ಬೋದು ಅಂತಾನೂ ಆಗುತ್ತಲ್ವಾ ಸಾರ್?"

"ಆಗುತ್ತೆ."

"ನಿಮ್ಗೇನ್ ಅನ್ಸುತ್ತೆ?"

"ನೀವಲ್ಲ ಅಂತ ಅನ್ಸುತ್ತೆ."

"ಮತ್ತೆ ಅದ್ನೇ ಬರೀರಿ."

ಅನ್ನಿಸಿದ್ದನ್ನು ಬರೆಯುವ ಹಾಗಿಲ್ಲ, ತಿಳಿದದ್ದನ್ನು ಮಾತ್ರ ಬರೆಯಬೇಕು ಎಂದೆ. ಅವರು ಪತ್ರದಿಂದ ಬೆರಳು ತೆಗೆದರು.

"ಆ ಫಸ್ಟ್ ಪೇಜ್ ಬರ್ಯೋವಾಗ್ಲೂ ಇಷ್ಟು ಯೋಚ್ನೆ ಮಾಡಿದ್ರಾ?"

ಪತ್ರವನ್ನು ಇಸಿದುಕೊಂಡು, ನನ್ನ ವರದಿಯ ಮೊದಲ ಸಾಲನ್ನು ಹಾಗೆ ಬರೆದದ್ದು ತಪ್ಪು, ಅದರ ಆಧಾರದ ಮೇಲೆ ಇವರನ್ನು ಕೆಲಸದಿಂದ ತೆಗೆದದ್ದು ಅನ್ಯಾಯ ಎಂದು ಕೈಯಲ್ಲೇ ಕೆಳಗೆ ಸೇರಿಸಿದೆ. ಅದನ್ನು ಓದಿ ಅವರ ಮುಖ ಸ್ವಲ್ಪ ಸಡಿಲವಾಯಿತು. ಮರುದಿನ ಅನ್ನಪೂರ್ಣೇಶ್ವರಿ ನಗರದ ಒಂದು ಹಲ್ಲಿನ ಆಸ್ಪತ್ರೆಗೆ ಬರಹೇಳಿದ್ದರಂತೆ. ಅಲ್ಲಿಗೆ ಇದನ್ನು ತೆಗೆದುಕೊಂಡು ಹೋಗುತ್ತೇನೆ ಎಂದರು.

ವಾರದ ನಂತರ ನಾನೇ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಲ್ಲಿನ ಆಸ್ಪತ್ರೆಯವರು ಅಕ್ಕನ ಕೆಲಸದ ಅನುಭವ ಕೇಳಿ ಒಪ್ಪಿದ್ದರು, ಸೋಮವಾರದಿಂದಲೇ ಬನ್ನಿ ಅಂದಿದ್ದರು. ಹಳೆಯ ಆಸ್ಪತ್ರೆಗೆ ಅಲ್ಲಿನವರು ಫೋನ್ ಮಾಡಿರಲಿಲ್ಲ. ಏನಾಗಿತ್ತೆಂದು ಅವರಿಗೆ ಗೊತ್ತಿರಲೇ ಇಲ್ಲ. ಮುಂದೆ ಯಾರಿಂದಲೋ ತಿಳಿಯುವುದು ಬೇಡ ಎಂದು ಅಕ್ಕನೇ ಚೀಲದಿಂದ ನನ್ನ ಪತ್ರ ತೆಗೆದು ಕೊಟ್ಟಿದ್ದರು. ಅದನ್ನು ಓದಿದವರು, ಸೋಮವಾರ ಬರುವುದು ಬೇಡ, ನಾವೇ ಫೋನ್ ಮಾಡುತ್ತೇವೆ ಎಂದಿದ್ದರು.