ಶ್ರಾವಣ ಸೋಮವಾರದ ಏಡಿ

ಬಾಡಿಗೆ ಮನೆಯಲ್ಲಿರುವ ಗೆಳೆಯರೇ, ಇದನ್ನು ಕೇಳಿ. ಬೆಳಿಗ್ಗೆ ಕಾಗಿಣಾ ಹೊಳೆಯ ಜೀವಂತ ಏಡಿಗಳನ್ನು ತಿಕ್ಕಿ ತೊಳೆದು ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟೆ. ಕೆಳಗಿನಿಂದ ಮನೆಯ ಮಾಲಕಿ ಮೂಗು ಮುಚ್ಚಿಕೊಂಡು ಬಂದರು. "ಶ್ರಾವಣ ಸೋಮವಾರ ಇದೇನ್ ನಾತ್ರಿ? ಹಿಂಗೇ ಮಾಡೋದಿದ್ರ ಬ್ಯಾರೆ ಮನಿ ನೋಡ್ಕೋರಿ."

ಒಲೆ, ಪಾತ್ರೆ ಹೊತ್ತು ಮೇಲಿನ ತೆರೆದ ಮಾಳಿಗೆ ಹತ್ತಿದೆ. ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಬೇಯಿಸಿದೆ.

ಏಡಿ ಕೆಂಪಾಗುವ ಹೊತ್ತಿಗೆ ಅದೇ ಮಾಲಕಿ ಸ್ಟೀಲ್ ಡಬ್ಬಿ ಹಿಡಿದು ಬಂದರು. "ನಮ್ಮ ಯಜಮಾನ್ರಿಗಿ ಕೆಮ್ಮು ಭಾಳ ಆಗ್ಯಾದ್ರಿ. ಏಡಿ ಸಾರು ಔಷಧ ಅಂತಾರ. ಎರಡು ಕುಟ್ಟಿ ಸಾರು ಮಾಡಿ ಕೊಡ್ರಿ."

ಸಿಟ್ಟು ನುಂಗಿ ಡಬ್ಬಿ ತೆಗೆದುಕೊಂಡೆ. ಮೆಟ್ಟಿಲ ಮೇಲೆ ತಿರುಗಿ ನಿಂತು ಅವರು ಹೇಳಿದರು: "ಬಳ್ಳೊಳ್ಳಿ ಹಾಕಬ್ಯಾಡ್ರಿ ಮತ್ತ. ಸೋಮವಾರ ನಮ್ಮಲ್ಲಿ ನಡಿಯಂಗಿಲ್ಲ."

ಇವರ ಸೋಮವಾರವನ್ನು ಏಡಿ ಕಚ್ಚುವುದಿಲ್ಲ, ಬೆಳ್ಳುಳ್ಳಿ ಕಚ್ಚುತ್ತದೆ.