ದೊಡ್ಡವ್ವನ ಕಿವಿ ಮತ್ತು ಇಂಟರ್‌ನೆಟ್ ಫೋನು

ವಿಜಯಪುರದ ನಮ್ಮ ಅಂಗಡಿಯಲ್ಲಿ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಪಂಪುಗಳ ಬಿಡಿಭಾಗ ಮಾರುತ್ತೇವೆ, ಕೆಟ್ಟ ಪಂಪುಗಳನ್ನು ರಿಪೇರಿ ಮಾಡುತ್ತೇವೆ. ಮಾಲೀಕ ನಾನೇ ಆದರೂ ಗಿರಾಕಿಗಳು ಫೋನು ಹಚ್ಚುತ್ತಿದ್ದುದು ನಮ್ಮ ದೊಡ್ಡವ್ವನಿಗೆ. ದೊಡ್ಡಪ್ಪ ತೀರಿಕೊಂಡ ಮೇಲೆ ಕೌಂಟರಿನ ಹಿಂದೆ ಕುಳಿತ ಆಕೆ ನಟ್ಟು ಬಿಚ್ಚಲು ಒಂದು ದಿನವೂ ಪಾನಾ ಹಿಡಿದವಳಲ್ಲ. ಪಂಪಿನ ರೋಗವನ್ನು ಮಾತ್ರ ಕಿವಿಯಿಂದಲೇ ಹಿಡಿಯುತ್ತಿದ್ದಳು.

"ತಮ್ಮಾ, ಮಷಿನ್ ಚಾಲೂ ಮಾಡು. ಫೋನ್ ಅದರ ಬಾಜೂಕ ಹಿಡಿ. ನೀ ಬಾಯಿ ಮುಚ್ಚು," ಎನ್ನುವಳು.

ಗರಗರ ಅಂದರೆ ಬೇರಿಂಗು. ಮೂರನೆಯ ಬಡಿತ ಕುಂಟಿದರೆ ವಾಲ್ವು. ಆಕೆ ಹೇಳಿದ ಸಾಮಾನನ್ನೇ ಕೈಚೀಲಕ್ಕೆ ಹಾಕಿಕೊಂಡು ಮೆಕ್ಯಾನಿಕ್ ಹೊರಟರೆ ಎರಡನೆಯ ಸಲ ಹೋಗುವ ಮಾತೇ ಇರಲಿಲ್ಲ.

ಮೊಣಕಾಲಿನ ಆಪರೇಷನ್ ಆದ ಮೇಲೆ ದೊಡ್ಡವ್ವ ತಿಕೋಟಾದ ಮಗಳ ಮನೆಯಲ್ಲಿ ಉಳಿದಳು. ಫೋನು ವಿಜಯಪುರದಲ್ಲಿ, ಕಿವಿ ತಿಕೋಟಾದಲ್ಲಿ. ಕಾಖಂಡಕಿಯ ಒಂದೇ ತೋಟಕ್ಕೆ ನಾನು ಎರಡು ಸಲ ತಪ್ಪು ಸಾಮಾನು ಕಳಿಸಿದೆ. ಆ ತೋಟದವರು ಬಿಡಲಿಲ್ಲ: "ಏನ್ರಿ ಸಾಹುಕಾರ್ರ, ನಿಮ್ಮ ಅಂಗಡ್ಯಾಗ ಎಲ್ಲಾ ಸಿಗತೈತಿ, ಕಿವಿ ಅಷ್ಟ ಸ್ಟಾಕ್ ಇಲ್ಲೇನ್ರಿ?"

ಆಗಲೇ ನಾನು ಅಂಗಡಿಯ ಹಳೆಯ ತಂತಿ ಫೋನು ಬಿಡಿಸಿ ಇಂಟರ್‌ನೆಟ್ ಫೋನು ಹಾಕಿಸಿದ್ದು. ಊರೂರಿನ ಗೋಡೆಗಳ ಮೇಲೆ ಬರೆಸಿದ್ದ ನಂಬರು ಹಾಗೇ ಉಳಿಯಿತು. ಅದೇ ನಂಬರು ಈಗ ಮೂರು ಕಡೆ ಒಮ್ಮೆಗೇ ರಿಂಗಾಗುತ್ತದೆ: ಅಂಗಡಿಯಲ್ಲಿ, ದೊಡ್ಡವ್ವನ ಮೊಬೈಲಿನಲ್ಲಿ, ದಾರಿಯಲ್ಲಿರುವ ಮೆಕ್ಯಾನಿಕನ ಮೊಬೈಲಿನಲ್ಲಿ. ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬ ಗಿರಾಕಿಗೆ ಎಂಗೇಜ್ ಬರುವುದಿಲ್ಲ. ಒಂದು ಗುಂಡಿ ಒತ್ತಿದರೆ ಕರೆ ಇವರಿಂದ ಅವರಿಗೆ ದಾಟುತ್ತದೆ. ಎತ್ತದ ಕರೆಯೂ ಪಟ್ಟಿಯಲ್ಲಿ ಕೂತಿರುತ್ತದೆ. ಕರೆಂಟು ಹೋದರೆ ಇದೂ ಹೋಗುತ್ತದೆ, ನಿಜ. ಅದಕ್ಕೊಂದು ಸಣ್ಣ ಬ್ಯಾಟರಿ ಇಟ್ಟರೆ ಮುಗಿಯಿತು.

ತಿಕೋಟಾಕ್ಕೆ ಹೋಗಿ ದೊಡ್ಡವ್ವನಿಗೆ ಇದನ್ನೆಲ್ಲ ವಿವರಿಸಿದೆ. "ನಿನ್ನ ಮಾತನ್ನ ಸಣ್ಣ ಸಣ್ಣ ತುಣುಕು ಮಾಡತೈತಿ ಬೇ. ಒಂದೊಂದಕ್ಕೂ ನಂಬರ್ ಹಚ್ಚಿ ಇಂಟರ್‌ನೆಟ್ಟಿನಾಗ ಬಿಡತೈತಿ. ಆ ಕಡಿ ಮತ್ತ ಸಾಲಾಗಿ ಜೋಡಸತೈತಿ."

"ನಾ ನಿನ್ನ ಬೈದ್ರ ಅದೂ ತುಣುಕಾಗಿ ಹೊಕ್ಕೈತೇನು?"

"ಹೂಂ. ಆದ್ರ ಪೂರಾ ಬಂದು ಮುಟ್ಟತೈತಿ."

"ಹಂಗಾದ್ರ ಛಲೋ ಐತಿ ಬಿಡು," ಎಂದು ನಕ್ಕಳು.

ಎರಡು ದಿನ ಕಳೆದ ಮೇಲೆ ಆಕೆಯ ಮಗಳು ನನಗೆ ಫೋನು ಮಾಡಿದಳು. ಅವ್ವ ಊಟ ಬಿಟ್ಟು ಕುಂತಾಳ ಎಂದಳು. ಹೋಗಿ ನೋಡಿದರೆ ಮೊಬೈಲು ಕಿಟಕಿಯಲ್ಲಿ ಬೋರಲಾಗಿ ಬಿದ್ದಿತ್ತು.

"ಇನ್ನ ಫೋನ್ ನೀನ ಎತ್ತು, ತಮ್ಮಾ. ನನ್ನ ಕಿವಿ ಹೋದುವು. ಬಿಜ್ಜರಗಿ ತೋಟದವ್ರಿಗೆ ಮಷಿನ್ ಚಾಲೂ ಮಾಡ್ರಿ ಅಂದೆ, 'ಓಡಾಕತ್ತೈತಿ ಅವ್ವಾರ' ಅಂದ್ರು. ನನಗೇನೂ ಕೇಳಲಿಲ್ಲ. ಮೂರು ಮಂದಿ ಮುಂದ ಹಿಂಗಾತು. ನಾ ಇನ್ಯಾಕ ಬೇಕು ಅಂಗಡಿಗೆ?"

ಈ ಮಾತು ನನ್ನ ಎದೆಗೆ ತಾಗಿತು. ಆದರೆ ಮನುಷ್ಯರ ಮಾತು ಆಕೆಗೆ ಚೆನ್ನಾಗಿಯೇ ಕೇಳುತ್ತಿತ್ತಲ್ಲ! ಅಡಿಗೆಮನೆಯಲ್ಲಿ ಮಗಳು ಗೊಣಗಿದ್ದಕ್ಕೂ ಕುಳಿತಲ್ಲಿಂದಲೇ ಉತ್ತರ ಕೊಟ್ಟಳು. ಆಗ ನನಗೆ ಹೊಳೆಯಿತು. ಆಕೆಯ ಮೊಬೈಲಿಗೆ ಈ ಇಂಟರ್‌ನೆಟ್ ಫೋನಿನ ಆ್ಯಪ್ ಹಾಕುವಾಗ 'ಹಿನ್ನೆಲೆ ಗದ್ದಲ ತೆಗೆ' ಎನ್ನುವುದನ್ನು ನಾನೇ ಚಾಲೂ ಮಾಡಿದ್ದೆ. ಮುದುಕಿಗೆ ಮಾತು ಸ್ಪಷ್ಟವಾಗಿ ಕೇಳಲಿ ಎಂಬ ಶಾಣ್ಯಾತನ! ಬೇರೆ ಅಂಗಡಿಗಳಿಗೆ ಅದು ಗದ್ದಲ, ನಮಗೆ ಅದೇ ವ್ಯಾಪಾರ. ಪಾಪ, ಆ ಆ್ಯಪು ಮನುಷ್ಯರ ದನಿ ಉಳಿಸಿ ಪಂಪಿನ ದನಿಯನ್ನು ಹೊಟ್ಟಿನಂತೆ ಕೇರಿ ಚೆಲ್ಲುತ್ತಿತ್ತು.

ಅದನ್ನು ಬಂದ್ ಮಾಡಿದೆ. ತಪ್ಪು ನನ್ನದೆಂದೂ ಹೇಳಿದೆ. ಆಕೆ ನಂಬಲಿಲ್ಲ. "ನನ್ನ ಸಮಾಧಾನಕ್ಕ ಹೇಳಾಕತ್ತಿ," ಎಂದು ಮುಖ ತಿರುವಿದಳು.

ಮರುದಿನ ಬೆಳಿಗ್ಗೆ ಕಾರ್ತಿಕದ ಮೋಡ ಇಳಿದು ಕೂತಿತು. ದ್ರಾಕ್ಷಿ ಬಳ್ಳಿ ಹೂವಿನಲ್ಲಿರುವಾಗ ಮೋಡ ಬಂದರೆ ರೋಗ ಹತ್ತದಂತೆ ಅಂದೇ ಔಷಧ ಹೊಡೆಯಬೇಕು. ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಫೋನು ಶುರುವಾಯಿತು. ಬಬಲೇಶ್ವರದ ಗಿರಾಕಿಯೊಡನೆ ನಾನು ಮಾತಾಡುತ್ತಿದ್ದೆ. ಅಷ್ಟರಲ್ಲಿ ಎರಡನೆಯ ಕರೆ ಬಂತು. ಕಾಖಂಡಕಿಯ ಅದೇ ತೋಟ. ದೊಡ್ಡವ್ವ ಎತ್ತಲಿ ಎಂದು ನಾನು ಎತ್ತಲಿಲ್ಲ. ರಿಂಗಾಗುತ್ತಲೇ ಇತ್ತು. ಹಾಳಾದ ಮೊಬೈಲು ಇನ್ನೂ ಕಿಟಕಿಯಲ್ಲೇ ಇದೆಯೋ ಏನೋ ಎಂದುಕೊಂಡೆ.

ರಿಂಗು ನಿಂತಿತು. ದೊಡ್ಡವ್ವ ಎತ್ತಿದ್ದಳು.

ಏನು ನಡೆಯಿತೆಂದು ಆಮೇಲೆ ಮೆಕ್ಯಾನಿಕ್ ಹೇಳಿದ. ತೊರವಿಯ ಹತ್ತಿರ ಬೈಕು ನಿಲ್ಲಿಸಿದ್ದಾಗ ದೊಡ್ಡವ್ವ ಆ ಕರೆಯನ್ನು ಅವನಿಗೆ ದಾಟಿಸಿದಳಂತೆ. ಗುಂಡಿ ಯಾವುದೆಂದು ನಾನು ಒಂದೇ ಸಲ ತೋರಿಸಿದ್ದೆ. "ಮೂರನೇ ಏಟು ಕುಂಟಾಕತ್ತೈತಿ. ವಾಲ್ವ್ ಐತೇನು ಚೀಲದಾಗ? ಹಂಗಾದ್ರ ಅಂಗಡಿಗೆ ಹೋಗಬ್ಯಾಡ, ಸೀದಾ ಕಾಖಂಡಕಿಗೆ ನಡಿ," ಎಂದಳಂತೆ. ವಾಲ್ವೇ ಆಗಿತ್ತು. ಮಧ್ಯಾಹ್ನದೊಳಗೆ ಆ ತೋಟದಲ್ಲಿ ಔಷಧ ಹೊಡೆದು ಮುಗಿದಿತ್ತು.

ಖುಷಿಯಿಂದ ನಾನು ದೊಡ್ಡವ್ವನಿಗೆ ಫೋನು ಹಚ್ಚಿದೆ. "ನೋಡಿದೇನ್ ಬೇ, ಕಿವಿ ಎಲ್ಲೂ ಹೋಗಿಲ್ಲ!"

"ನನಗ ಗೊತ್ತಿಲ್ಲೇನು? ಕೆಟ್ಟಿದ್ದು ನಿನ್ನ ಕೈ," ಎಂದಳು. "ಈಗ ಫೋನ್ ಇಡು, ಬಿಜ್ಜರಗಿಯವ್ರು ಮಷಿನ್ ಚಾಲೂ ಮಾಡ್ಯಾರ. ನಡುವ ನಿನ್ನ ಗದ್ದಲ."